ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿತು, ಫೈಲ್ ಮಾತ್ರ ಹೋಗಲಿಲ್ಲ

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮೂರಿನ ಹೈಸ್ಕೂಲಿಗೆ ಹತ್ತು ಹಳೇ ಕಂಪ್ಯೂಟರ್ ಬಂದವು. ಅವನ್ನು ಒಂದಕ್ಕೊಂದು ಜೋಡಿಸಿ, ಹೆಡ್‌ಮಾಸ್ಟರ್ ರೂಮಿಗೂ ಒಂದು ಕೇಬಲ್ ಎಳೆಯುವ ಕೆಲಸ ನಾನು ಒಪ್ಪಿಕೊಂಡೆ. ಎಲ್ಲದರಲ್ಲೂ ಇದ್ದದ್ದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ನೆಟ್‌ವರ್ಕ್ ಕಾರ್ಡ್. ಎಲ್ಲ ಕೇಬಲ್ ಬಂದು ಸೇರುವ ಸ್ವಿಚ್ ಪೆಟ್ಟಿಗೆ, ಕ್ಯಾಟ್ 5ಇ ಅನ್ನೋ ನೆಟ್‌ವರ್ಕ್ ಕೇಬಲ್, ಅದರ ತುದಿಗೆ ಹಾಕುವ ಆರ್‌ಜೆ45 ಕನೆಕ್ಟರ್, ಕನೆಕ್ಟರನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ತಂದೆ.

ಕೇಬಲ್ ಸುಲಿದರೆ ಒಳಗೆ ಎಂಟು ತಂತಿ, ಎರಡೆರಡು ಹೆಣೆದುಕೊಂಡಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಪೂರ್ತಿ ಬಣ್ಣದ್ದು, ಇನ್ನೊಂದು ಅದೇ ಬಣ್ಣ ಬಿಳಿ ಜೊತೆ ಸೇರಿದ್ದು. ನಾನು ನೋಡೋಕೆ ನೀಟಾಗಿರಲಿ ಅಂತ ಆರೆಂಜ್ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಬ್ರೌನ್ ಜೋಡಿ ಅಂತ ಸಾಲಾಗಿ ಕೂರಿಸಿದೆ. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಸಾಕು ಅಲ್ವಾ ಅಂದುಕೊಂಡಿದ್ದೆ. ಕೇಬಲ್ ಟೆಸ್ಟರ್‌ಗೆ ಹಾಕಿದರೆ ಒಂದರಿಂದ ಎಂಟರವರೆಗೂ ದೀಪ ಹತ್ತಿತು.

ಲ್ಯಾಬ್ ಒಳಗಿನ ಮೂರು ನಾಲ್ಕು ಮೀಟರ್ ಕೇಬಲ್‌ಗಳು ಚೆನ್ನಾಗೇ ಓಡಿದವು. ಹೆಡ್‌ಮಾಸ್ಟರ್ ರೂಮಿಗೆ ಹೋದದ್ದು ಸುಮಾರು 40 ಮೀಟರ್. ಅಲ್ಲಿಂದ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಇನ್ನೊಂದು ಕಂಪ್ಯೂಟರನ್ನು ಕೇಳಿದರೆ, ಉತ್ತರ ಬರುತ್ತಿತ್ತು, ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ತೆವಳುತ್ತಾ ಹೋಗಿ ನಿಂತುಬಿಡುತ್ತಿತ್ತು. "ಕಾರ್ಡೇ ಹಾಳಾಗಿರಬೇಕು ಕಣಪ್ಪಾ" ಅಂದರು ಮೇಷ್ಟ್ರು. ಬೇರೆ ಕಾರ್ಡ್ ಹಾಕಿದೆ. ಅದೇ ಕಥೆ.

ಆಮೇಲೆ ಆ ರೂಮಿನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಕಾರ್ಡ್ ಇಟ್ಟುಕೊಂಡಿರುವ ಲೆಕ್ಕ ತೆಗೆದು ನೋಡಿದೆ. ಎರರ್ಸ್ ಅನ್ನೋ ಕಡೆ ನಂಬರ್ ಏರುತ್ತಲೇ ಇತ್ತು. ಪ್ರತಿ ಕಾರ್ಡ್‌ಗೂ 48 ಬಿಟ್‌ನ (ಬಿಟ್ ಅಂದರೆ ಒಂದು 0 ಅಥವಾ 1) ಒಂದು ಮ್ಯಾಕ್ ವಿಳಾಸ, ಅಂದರೆ ಗುರುತಿನ ನಂಬರ್, ಇರುತ್ತದೆ. ಕಾರ್ಡ್ ಡೇಟಾವನ್ನು ಫ್ರೇಮ್ ಅನ್ನೋ ತುಂಡುಗಳಾಗಿ ಕಳಿಸುತ್ತದೆ. ಅದರಲ್ಲಿ ಮೊದಲು ತಲುಪಬೇಕಾದವರ ವಿಳಾಸ, ಆಮೇಲೆ ತನ್ನದು, ನಂತರ ಹೆಚ್ಚೆಂದರೆ 1500 ಬೈಟ್ ಡೇಟಾ, ಕೊನೆಗೆ 4 ಬೈಟ್‌ನ ಸಿಆರ್‌ಸಿ, ಅಂದರೆ ತಾಳೆ ನೋಡುವ ಲೆಕ್ಕ. ಆ ಕಡೆಯ ಕಾರ್ಡ್ ಅದೇ ಲೆಕ್ಕ ಮತ್ತೆ ಹಾಕುತ್ತದೆ, ತಾಳೆ ಆಗದಿದ್ದರೆ ಎರರ್ಸ್‌ಗೆ ಒಂದು ಸೇರಿಸಿ ಫ್ರೇಮನ್ನು ಸುಮ್ನೆ ಬಿಸಾಡುತ್ತದೆ. ಮತ್ತೆ ಕಳಿಸು ಅಂತ ಕೇಳುವುದು ಕಾರ್ಡಿನ ಕೆಲಸ ಅಲ್ಲ, ಅದನ್ನು ಟಿಸಿಪಿ, ಅಂದರೆ ಡೇಟಾ ಪೂರ್ತಿ ತಲುಪಿತಾ ಅಂತ ನೋಡುವ ಮೇಲಿನ ಸಾಫ್ಟ್‌ವೇರ್, ನೋಡಿಕೊಳ್ಳಬೇಕು. ಪಿಂಗ್ ಚಿಕ್ಕದು, ಹೇಗೋ ದಾಟಿಕೊಳ್ಳುತ್ತದೆ. ಉದ್ದದ ಫ್ರೇಮ್‌ನಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಅಷ್ಟೂ ಹೋಯ್ತು.

ಬಿಟ್ ಯಾಕೆ ಕೆಡುತ್ತಿತ್ತು ಅನ್ನೋದೇ ನನಗೆ ತುಂಬಾ ಹಿಡಿಸಿದ ವಿಷಯ. ಕಾರ್ಡ್ ಒಂಟಿ ತಂತಿಯನ್ನು ಓದುವುದಿಲ್ಲ, ಎರಡು ತಂತಿಯ ನಡುವಿನ ವ್ಯತ್ಯಾಸ ಓದುತ್ತದೆ. ಒಂದರಲ್ಲಿ ಸಿಗ್ನಲ್ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ಎರಡೂ ಹೆಣೆದುಕೊಂಡಿದ್ದರೆ ಹೊರಗಿನ ಗಲಾಟೆ ಎರಡಕ್ಕೂ ಒಂದೇ ಥರ ತಾಗುತ್ತದೆ, ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೋಗಿಬಿಡುತ್ತದೆ. 100 ಎಂಬಿಪಿಎಸ್‌ಗೆ ಬೇಕಾದ್ದು ಎರಡು ಜೋಡಿ: ಕನೆಕ್ಟರ್‌ನ 1 ಮತ್ತು 2ನೇ ಪಿನ್ ಒಂದು, 3 ಮತ್ತು 6ನೇ ಪಿನ್ ಇನ್ನೊಂದು. ನಡುವಿನ 4, 5 ಹಳೇ ಟೆಲಿಫೋನ್ ಲೈನ್‌ನ ಜಾಗ, ಅದಕ್ಕೇ 3, 6ರ ಜೋಡಿ ಅದರ ಆಚೆ ಈಚೆ ಕೂತಿದೆ. ನಾನು ಕೂರಿಸಿದ್ದರಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ ಬಂದಿತ್ತು. ಒಂದೇ ಸಿಗ್ನಲ್‌ನ ಎರಡು ತಂತಿ ಎರಡು ಬೇರೆ ಹೆಣಿಗೆಯಲ್ಲಿ, ಪಕ್ಕದ ಸಿಗ್ನಲ್ಲಿಗೂ ಸಿಕ್ಕಿಕೊಂಡು 40 ಮೀಟರ್ ಹೋಗುತ್ತಿದ್ದವು. ಟೆಸ್ಟರ್ ನೋಡುವುದು ಈ ತುದಿಯ ತಂತಿ ಆ ತುದಿಗೆ ಮುಟ್ಟಿದೆಯಾ ಅಂತ ಅಷ್ಟೇ. ಯಾವುದು ಯಾವುದರ ಜೊತೆ ಹೆಣೆದಿದೆ ಅಂತ ಅದಕ್ಕೆ ಗೊತ್ತಾಗಲ್ಲ.

ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಬ್ರೌನ್, ಬ್ರೌನ್. ಹೆಣಿಗೆ ಬಿಚ್ಚಿದ್ದು ಕನೆಕ್ಟರ್ ಹತ್ತಿರ ಒಂದು ಸೆಂಟಿಮೀಟರ್‌ನಷ್ಟೇ. ಅದೇ ಫೈಲ್ ಸೆಕೆಂಡಿಗೆ ಸುಮಾರು 11 ಎಂಬಿಯಂತೆ ಹೋಯಿತು, ಎರರ್ಸ್ ನಂಬರ್ ಇದ್ದಲ್ಲೇ ನಿಂತಿತು.

ಲ್ಯಾಬಿನ ಚಿಕ್ಕ ಕೇಬಲ್‌ಗಳು ಕೆಲಸ ಮಾಡುತ್ತಿದ್ದವು, ಹಾಗೇ ಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮುಂದೆ ಇದರ ಹತ್ತರಷ್ಟು ವೇಗದ ಗಿಗಾಬಿಟ್ ಕಾರ್ಡ್ ಬಂದರೆ ನಾಲ್ಕೂ ಜೋಡಿ ಬೇಕಾಗುತ್ತದೆ. ಮಾರನೇ ದಿನ ಹತ್ತನ್ನೂ ಕತ್ತರಿಸಿ ಮತ್ತೆ ಮಾಡಿದೆ, ಬಣ್ಣದ ಕ್ರಮ ಬರೆದು ಸ್ವಿಚ್ ಪಕ್ಕದ ಗೋಡೆಗೆ ಅಂಟಿಸಿ ಬಂದೆ.