ಡಿ ಡ್ರೈವ್‌ನಲ್ಲಿ ಇಟ್ಟರೆ ಸಾಲದು

ನಮ್ಮ ಮನೆಗೆ ಕಂಪ್ಯೂಟರ್ ಬಂದು ಇಪ್ಪತ್ತು ವರ್ಷ ದಾಟಿತು. ಈಗಿರುವುದು ನಾಲ್ಕನೆಯದು. ಯಂತ್ರ ಕೆಟ್ಟಾಗ ನಾನು ಯಾವತ್ತೂ ಅತ್ತಿಲ್ಲ. ಅತ್ತಿದ್ದು ಒಂದೇ ಸಲ, 2011ರಲ್ಲಿ. ಕಂಪ್ಯೂಟರ್ ತುಂಬಾ ನಿಧಾನ ಆಗಿದೆ ಅಂತ ರಿಪೇರಿಗೆ ಕೊಟ್ಟಿದ್ದೆವು. ಅಂಗಡಿಯ ಹುಡುಗ, ‘ಫಾರ್ಮ್ಯಾಟ್ ಮಾಡ್ಬೇಕು ಅಮ್ಮ, ಡಿ ಡ್ರೈವ್‌ನಲ್ಲಿ ಇರೋದಕ್ಕೆ ಏನೂ ಆಗಲ್ಲ’ ಅಂದ. ಫಾರ್ಮ್ಯಾಟ್ ಅಂದರೆ ಸಿ ಡ್ರೈವ್‌ನಲ್ಲಿ ಇರುವುದನ್ನೆಲ್ಲ ಅಳಿಸುವುದು. ಸರಿ ಅಂದೆ. ಮಗಳ ಸೀಮಂತದ ಫೋಟೊಗಳೆಲ್ಲ ಡೆಸ್ಕ್‌ಟಾಪ್ ಮೇಲೆ ಇದ್ದವು. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವ್ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಫೋಟೊನೂ ಉಳಿಯಲಿಲ್ಲ.

ಅದಾದ ಮೇಲೆ ಎಲ್ಲವನ್ನೂ ಡಿ ಡ್ರೈವ್‌ಗೆ ಹಾಕತೊಡಗಿದೆ. ಅದೂ ಸಾಲದು ಅಂತ ಆಮೇಲೆ ತಿಳಿಯಿತು. ಸಿ, ಡಿ, ಇ ಅಂತ ಕಾಣುವುದೆಲ್ಲ ಹೆಚ್ಚಿನ ಮನೆಗಳಲ್ಲಿ ಒಂದೇ ಹಾರ್ಡ್ ಡಿಸ್ಕ್. ಒಂದೇ ಕಣಜಕ್ಕೆ ನಡುವೆ ಹಲಗೆ ಕೊಟ್ಟ ಹಾಗೆ. ಕಣಜಕ್ಕೇ ನೀರು ನುಗ್ಗಿದರೆ ಹಲಗೆಯ ಆಚೆಗಿನ ಭತ್ತ ಉಳಿಯುತ್ತಾ? ಡಿಸ್ಕ್ ಸತ್ತ ದಿನ ಡಿ ಕೂಡ ಹೋಗುತ್ತದೆ. ಡಿ ಡ್ರೈವ್ ಕಾಪಾಡುವುದು ಫಾರ್ಮ್ಯಾಟ್‌ನಿಂದ ಮಾತ್ರ, ಅದೂ ಮಾಡುವವರು ಎಚ್ಚರವಾಗಿದ್ದರೆ.

ಮುಖ್ಯವಾದ ಫೈಲ್‌ಗೆ ಮೂರು ಪ್ರತಿ ಇರಬೇಕು. ಅವು ಕನಿಷ್ಠ ಎರಡು ಬೇರೆ ಬೇರೆ ಸಾಧನಗಳ ಮೇಲೆ ಇರಬೇಕು, ಒಂದು ಮನೆಯಿಂದ ಹೊರಗೆ ಇರಬೇಕು. ಕಂಪ್ಯೂಟರ್ ಬಲ್ಲವರು ಇದನ್ನೇ 3-2-1 ಅನ್ನುತ್ತಾರೆ. ನಾನು ಮಾಡುವುದು ಹೀಗೆ. ಒಂದು ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡಿದ್ದೇನೆ. ಒಂದು ನನ್ನ ಬೀರುವಿನಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿ. ತಿಂಗಳಿಗೊಮ್ಮೆ ನನ್ನದರಲ್ಲಿ ಹೊಸ ಫೈಲ್ ತುಂಬುತ್ತೇನೆ. ಯುಗಾದಿಗೆ ಒಮ್ಮೆ, ಗೌರಿ ಹಬ್ಬಕ್ಕೆ ಒಮ್ಮೆ ತಂಗಿ ಬಂದಾಗ ಅದಲುಬದಲು ಮಾಡಿಕೊಳ್ಳುತ್ತೇವೆ. ತಾರೀಖು ನೆನಪಿಟ್ಟುಕೊಳ್ಳುವ ತಾಪತ್ರಯ ಇಲ್ಲ, ಹಬ್ಬವೇ ನೆನಪಿಸುತ್ತದೆ.

ತುಂಬಿದ ಮೇಲೆ ಡಿಸ್ಕ್‌ನ ವಯರ್ ತೆಗೆದಿಡಿ. ಚುಚ್ಚಿಯೇ ಬಿಟ್ಟರೆ ಸಿಡಿಲಿಗೆ ಕಂಪ್ಯೂಟರೂ ಡಿಸ್ಕೂ ಒಟ್ಟಿಗೆ ಹೋಗಬಹುದು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೂ ಅಷ್ಟೇ, ಚುಚ್ಚಿರುವ ಡಿಸ್ಕ್‌ಗೂ ಅದು ಬೀಗ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಂದಾಗ ದೊಡ್ಡ ದೊಡ್ಡ ಆಸ್ಪತ್ರೆಗಳೇ ತತ್ತರಿಸಿದ್ದವು. ಇನ್ನೊಂದು ಮಾತು. ಪ್ರತಿ ಮಾಡಿದ ಮೇಲೆ ಅದರಿಂದಲೇ ಎರಡು ಮೂರು ಫೋಟೊ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೀನಲ್ಲ ಅಂತ ಹಲವರು ಹೇಳುತ್ತಾರೆ. ಪೆನ್‌ಡ್ರೈವ್ ಇರುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು. ವರ್ಷಗಟ್ಟಲೆ ಇಡಲು ಅಲ್ಲ. ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಗೂಗಲ್ ಡ್ರೈವ್ ಒಳ್ಳೆಯದೇ. ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೊ ಎಲ್ಲ ಹಿಡಿಸಬೇಕು. ಆದರೆ ಕಂಪ್ಯೂಟರ್‌ಗೂ ಅದಕ್ಕೂ ಸಿಂಕ್ ಮಾಡಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದರ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಅದೊಂದನ್ನೇ ನಂಬಬೇಡಿ.

ಇನ್ನು ಯಂತ್ರದ ವಿಷಯ. ನಮ್ಮದು ತೀರ್ಥಹಳ್ಳಿ ಕಡೆಯ ಊರು. ಇಲ್ಲಿ ಕಂಪ್ಯೂಟರ್‌ಗೆ ಎರಡು ಶತ್ರು. ಏಪ್ರಿಲ್, ಮೇ ತಿಂಗಳ ಸಿಡಿಲು, ಆಮೇಲೆ ಮಳೆಗಾಲದ ನಾಲ್ಕು ತಿಂಗಳ ಥಂಡಿ. ಮೋಡ ಕಟ್ಟಿದ ಕೂಡಲೇ, ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಸಂದು ದಾಟುವುದು ಕಷ್ಟವೇ ಅಲ್ಲ. ರೂಟರ್‌ನ ಪ್ಲಗ್ ಕೂಡ ತೆಗೆಯಿರಿ. ಇಂಟರ್ನೆಟ್ ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದರೆ ಆ ತಂತಿಯನ್ನೂ ಬಿಡಿಸಿ. ಫೈಬರ್ ಗಾಜಿನದು, ಆ ಎಳೆ ಸಿಡಿಲನ್ನು ಒಳಗೆ ತರುವುದಿಲ್ಲ. ಆದರೆ ಗುಡುಗು ಶುರುವಾದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ. ಆಗ ಕಂಪ್ಯೂಟರ್ ಹೋದರೆ ಹೋಗಲಿ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ವಯರಿಂಗ್ ಮಾಡುವವರನ್ನು ಕರೆಸಿ ನೋಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ, ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಬೇಕು. ಕರೆಂಟ್ ಹೋದರೂ ಸ್ವಲ್ಪ ಹೊತ್ತು ಕಂಪ್ಯೂಟರ್ ನಡೆಸುವ ಯುಪಿಎಸ್ ಇರಲಿ. ಸಣ್ಣದಾದರೂ ಹತ್ತು ನಿಮಿಷ ಸಿಗುತ್ತದೆ, ಬರೆದದ್ದನ್ನು ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ.

ಮಳೆಗಾಲದಲ್ಲಿ ಕಂಪ್ಯೂಟರ್‌ನ ಮೇಲೆ ಬಟ್ಟೆ ಹೊದಿಸಿ ತಿಂಗಳುಗಟ್ಟಲೆ ಸುಮ್ನೆ ಇಡಬೇಡಿ. ಕೆಲಸ ಇರಲಿ ಬಿಡಲಿ, ದಿನಾ ಅರ್ಧ ಗಂಟೆ ಆನ್ ಮಾಡಿ. ಅದರದೇ ಕಾವಿಗೆ ಒಳಗಿನ ತೇವ ಆರುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಜಾಗ ಬಿಡಿ. ಹೊರಗೋಡೆಯಾದರಂತೂ ಥಂಡಿ ಜಾಸ್ತಿ. ಎಕ್ಸ್‌ಟರ್ನಲ್ ಡಿಸ್ಕನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅಕ್ಕಿಯ ಹುಡಿ ಸಂದಿಗೆ ಹೋಗುತ್ತದೆ. ನಮ್ಮ ಹಳೆಯ ಸಿಡಿಗಳ ಮೇಲೆ ಬೂಷ್ಟು ಬಂದು ಅರ್ಧಕ್ಕರ್ಧ ಓದಲು ಬಾರದಾದವು. ನಿಮ್ಮಲ್ಲಿ ಮದುವೆಯ ಸಿಡಿ ಇದ್ದರೆ ಈ ವಾರವೇ ಡಿಸ್ಕ್‌ಗೆ ಇಳಿಸಿಕೊಳ್ಳಿ.

ಧೂಳು ತೆಗೆಯಲು ನಾನು ಇಟ್ಟುಕೊಂಡಿರುವ ದಿನ ಆಯುಧ ಪೂಜೆಯ ಹಿಂದಿನ ದಿನ. ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಜಗಲಿಗೆ ತಂದು, ಪಕ್ಕದ ತಗಡು ಬಿಚ್ಚುತ್ತೇನೆ. ಬಣ್ಣ ಹೊಡೆಯುವ ಮೆತ್ತನೆಯ ಒಣ ಬ್ರಷ್ ಸಾಕು. ಫ್ಯಾನ್ ತಿರುಗದ ಹಾಗೆ ಬೆರಳು ಕೊಟ್ಟು ಹಿಡಿದು ಗುಡಿಸಿ. ಒದ್ದೆ ಬಟ್ಟೆ ಒಳಗೆ ಸೋಕಿಸಬೇಡಿ. ಹಿಂಬದಿಯಲ್ಲಿ ತಗಡಿಲ್ಲದ ಸಂದಿ ಇದ್ದರೆ ಮುಚ್ಚಿ, ಹಲ್ಲಿ ಹೋಗುವುದು ಅಲ್ಲಿಂದಲೇ. ಪೂಜೆಯ ದಿನ ಗಂಧ, ಕುಂಕುಮವನ್ನು ಗಾಳಿ ಹೋಗುವ ತೂತಿನ ಹತ್ತಿರ ಹಚ್ಚದೆ ಪಕ್ಕದ ತಗಡಿಗೆ ಹಚ್ಚಿ. ಹೂವಿನ ನೀರು ಒರೆಸಿ ಇಡಿ.

ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿದ್ದರೆ, ಬ್ಯಾಂಕಿನ ಪುಟ ಸುರಕ್ಷಿತವಲ್ಲ ಅಂತ ಹಠ ಹಿಡಿದರೆ ವೈರಸ್ ಅಂತ ಗಾಬರಿಯಾಗಬೇಡಿ. ಬಹಳ ಸಲ ಅದು ಒಳಗಿನ ಬಿಲ್ಲೆ ಸೆಲ್, ಸಿಆರ್2032. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಅಲ್ಲಿಗೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷೆ ಮಾಡಿದಷ್ಟೂ ಉಳಿಯಬಹುದಾದದ್ದೂ ಹೋಗುತ್ತದೆ. ಫೈಲ್ ಅಳಿಸಿಹೋದಾಗಲೂ ಹಾಗೇ, ಆ ಕಂಪ್ಯೂಟರ್‌ಗೆ ಹೊಸದೇನನ್ನೂ ಹಾಕದೆ ತಿಳಿದವರ ಕೈಗೆ ಕೊಡಿ.

ವಿಂಡೋಸ್ 10ಕ್ಕೆ ಮಾಮೂಲಾಗಿ ಸಿಗುತ್ತಿದ್ದ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದರಲ್ಲೇ ಇರುವವರು ಬ್ಯಾಂಕಿನ ಕೆಲಸವನ್ನಾದರೂ ಬೇರೆ ಕಡೆ ಮಾಡಿ. ‘ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ’ ಅಂತ ಯಾರಾದರೂ ಫೋನ್ ಮಾಡಿ ಏನನ್ನೋ ಇನ್‌ಸ್ಟಾಲ್ ಮಾಡಲು ಹೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕನ್ನಡದಲ್ಲಿ ಬರೆದಿಟ್ಟವರಿಗೆ ಇನ್ನೊಂದು ಕಷ್ಟ ಇದೆ. ಇದರ ಬಗ್ಗೆ ಯಾರೂ ಹೇಳುವುದೇ ಇಲ್ಲ. ಅಪ್ಪ ಹಳೆಯ ಕಾಗದಗಳಲ್ಲಿ ಬರೆದಿಟ್ಟಿದ್ದ ಮನೆತನದ ವಿವರ, ಔಷಧಿಗಳ ಪಾಠ, ಹಾಡುಗಳನ್ನು ನಾನು ಮೂರು ಬೇಸಿಗೆ ಕೂತು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ. ಫೈಲ್ ಹಾಳಾಗಿರಲಿಲ್ಲ, ಪ್ರತಿಯೂ ಇತ್ತು. ಆದರೂ ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆಗಿನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಈಗ ಜಗತ್ತಿನ ಎಲ್ಲೆಡೆ ಬಳಸುವ ಯುನಿಕೋಡ್ ಎಂಬ ಅಕ್ಷರ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಯಾವ ಯಂತ್ರದಲ್ಲೂ ತೆರೆಯುತ್ತದೆ. ಹಳೆಯ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಕಡೆ ತಪ್ಪು ನುಸುಳಿರುತ್ತದೆ. ಹಳೆಯ ಫೈಲನ್ನು ಅಳಿಸಬೇಡಿ. ಪಿಡಿಎಫ್ ಒಂದನ್ನೂ ಮಾಡಿಡಿ. ಅಪ್ಪನ ಬರಹವನ್ನು ಅಚ್ಚು ಹಾಕಿಸಿ ಬೈಂಡ್ ಕೂಡ ಮಾಡಿಸಿದ್ದೇನೆ.

ಹೊಸ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ತಾನಾಗಿಯೇ ಬೀಗ ಬಿದ್ದಿರಬಹುದು. ಯಾವಾಗಲಾದರೂ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ನಿಮ್ಮ ಫೈಲ್ ನಿಮಗೇ ಸಿಗುವುದಿಲ್ಲ. ನಾನು ಅದನ್ನೂ, ಪಾಸ್‌ವರ್ಡ್‌ಗಳನ್ನೂ ಒಂದು ನೋಟ್‌ಬುಕ್‌ನಲ್ಲಿ ಕೈಯಿಂದ ಬರೆದು, ಮನೆ ಪತ್ರ ಇರುವ ಬೀರುವಿನ ಒಳಖಾನೆಯಲ್ಲಿ ಇಟ್ಟಿದ್ದೇನೆ. ಕಳೆದ ಗೌರಿ ಹಬ್ಬಕ್ಕೆ ಮಗಳು ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಅಂಕಿ ಯಾವುದಕ್ಕೆ ಅಂತ ಒಂದೊಂದಾಗಿ ತೋರಿಸಿಕೊಟ್ಟೆ.