ವರದಿಗಾಗಿ ವಿದೇಶಕ್ಕೆ: ಕಲಬುರಗಿ ಭಾಗದ ಪತ್ರಕರ್ತರು ಹೊರಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿದ್ದಾರೆ. ಅವರ ಬದುಕನ್ನು ಕಣ್ಣಾರೆ ಕಂಡು ಬರೆಯಬೇಕೆಂಬ ಹಂಬಲ ಇಲ್ಲಿನ ಕನ್ನಡ ಮತ್ತು ಉರ್ದು ಪತ್ರಿಕೆಗಳ ವರದಿಗಾರರಿಗೆ ಸಹಜವಾಗಿಯೇ ಇರುತ್ತದೆ. ಹೇಗೂ ಉಮ್ರಾಗೆ (ಮೆಕ್ಕಾ ಯಾತ್ರೆಗೆ) ಹೋಗುತ್ತಿದ್ದೇವೆ, ಅದರ ಜೊತೆಗೇ ಒಂದು ವರದಿಯನ್ನೂ ಮಾಡಿಕೊಂಡು ಬಂದರಾಯಿತು ಎಂಬ ಲೆಕ್ಕಾಚಾರದಲ್ಲಿಯೇ ತೊಂದರೆಯ ಬೇರಿದೆ.

ಆದ್ದರಿಂದ ಮೊದಲು ವೀಸಾದ ಬಗೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಅಮೆರಿಕವು ಪತ್ರಕರ್ತರಿಗೆ ‘ಐ’ ವೀಸಾ ಕೊಡುತ್ತದೆ. ನಮ್ಮ ದೇಶವೂ ವಿದೇಶಿ ಪತ್ರಕರ್ತರಿಗೆ ‘ಜೆ’ ವೀಸಾ ಕೊಡುತ್ತದೆ. ಪ್ರವಾಸದ ಅಥವಾ ಯಾತ್ರೆಯ ವೀಸಾದಲ್ಲಿ ಹೋಗಿ ಕ್ಯಾಮೆರಾ, ಮೈಕ್ ಹಿಡಿದು ಸಿಕ್ಕಿಬಿದ್ದರೆ ಅದು ವೀಸಾ ಷರತ್ತಿನ ಉಲ್ಲಂಘನೆಯಾಗಿ ದಾಖಲಾಗುತ್ತದೆಯೇ ಹೊರತು ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆಯಾಗಿ ಅಲ್ಲ. ಆಗ ನಿಮ್ಮ ಪರವಾಗಿ ಮಾತನಾಡಬೇಕಾದ ಸರ್ಕಾರಗಳ ವಾದವೂ ಸಡಿಲವಾಗುತ್ತದೆ. ನಮ್ಮ ವಾರ್ತಾ ಇಲಾಖೆಯ ಮಾನ್ಯತಾ ಪತ್ರಕ್ಕೆ ಗಡಿಯಾಚೆ ಕಾನೂನಿನ ಬಲವಿಲ್ಲ, ಆದರೂ ವೃತ್ತಿಯ ಪುರಾವೆಯಾಗಿ ಅದು ಜೊತೆಯಲ್ಲಿರಲಿ. ತಾಲ್ಲೂಕು ಮಟ್ಟದ ಅನೇಕ ಬಿಡಿ ಸುದ್ದಿಗಾರರ ಬಳಿ ನೇಮಕಾತಿ ಪತ್ರವೇ ಇರುವುದಿಲ್ಲ. ಅಂಥವರು ಈ ಪ್ರವಾಸದ ಉದ್ದೇಶ ಮತ್ತು ಅವಧಿಯನ್ನು ನಮೂದಿಸಿದ, ಸಂಪಾದಕರ ಸಹಿ ಇರುವ ಪತ್ರವನ್ನು, ಎಷ್ಟು ಸಂಕೋಚವಾದರೂ, ಕೇಳಿ ಪಡೆಯಬೇಕು.

ಎರಡನೆಯದು ಬಂಧನವಾದರೆ ಏನು ಮಾಡಬೇಕೆಂಬುದು. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯ ಪ್ರಕಾರ ಬಂಧಿತ ವಿದೇಶಿಯು ಕೋರಿದರೆ ಅವನ ದೇಶದ ರಾಯಭಾರ ಕಚೇರಿಗೆ ವಿಳಂಬವಿಲ್ಲದೆ ತಿಳಿಸಬೇಕು. ಇಲ್ಲಿ ‘ಕೋರಿದರೆ’ ಎಂಬ ಪದವನ್ನು ಮರೆಯಬಾರದು. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಸ್ಪಷ್ಟ ಮಾತುಗಳಲ್ಲಿ, ಸಾಧ್ಯವಾದರೆ ಬರಹದಲ್ಲಿ, ಕೇಳಿಕೊಳ್ಳಬೇಕು. ಅದೇ ಹೊತ್ತಿಗೆ ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಇದಕ್ಕಾಗಿ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಮನೆಯಲ್ಲೂ ಒಂದು ಕಡತದಲ್ಲಿ ಇಟ್ಟು ಹೋಗಬೇಕು, ಏಕೆಂದರೆ ಮೊದಲು ಕೈತಪ್ಪುವುದು ಮೊಬೈಲೇ. ರಾಯಭಾರ ಕಚೇರಿಯು ಅಲ್ಲಿನ ನ್ಯಾಯಾಲಯದ ತೀರ್ಪನ್ನು ಬದಲಿಸಲಾರದು. ಆದರೆ ಅದರ ಅಧಿಕಾರಿಗಳು ಬಂಧಿತರನ್ನು ಭೇಟಿಯಾಗಬಹುದು, ಆರ್ಥಿಕವಾಗಿ ಅಶಕ್ತರಾದ ಅರ್ಹರಿಗೆ 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನೂನು ನೆರವು ಒದಗಿಸಬಹುದು.

ಇತರ ಸರ್ಕಾರಗಳ ಪ್ರಯತ್ನಗಳನ್ನೂ ತಿಳಿದಿರುವುದು ಒಳ್ಳೆಯದು. ಬ್ರಿಟನ್ ಮತ್ತು ಕೆನಡಾ 2019ರಲ್ಲಿ ಆರಂಭಿಸಿದ ಮಾಧ್ಯಮ ಸ್ವಾತಂತ್ರ್ಯ ಒಕ್ಕೂಟದಲ್ಲಿ ಸುಮಾರು 50 ದೇಶಗಳಿವೆ. ಭಾರತ ಅದರ ಸದಸ್ಯನಲ್ಲ. ಹಾಗೆಂದು ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಕೈಬಿಡಬೇಕಾಗಿಲ್ಲ. ನೀವಿರುವ ದೇಶದಲ್ಲಿ ಸದಸ್ಯ ರಾಷ್ಟ್ರಗಳ ರಾಯಭಾರ ಕಚೇರಿಗಳಿದ್ದರೆ ನಿಮ್ಮ ಸಂಪಾದಕರು ಅವಕ್ಕೂ ಪತ್ರ ಬರೆಯಬಹುದು, ವಿಚಾರಣೆಯನ್ನು ಗಮನಿಸುವಂತೆ ಕೋರಬಹುದು. ಅದನ್ನು ನಡೆಸಿಕೊಡಲೇಬೇಕೆಂಬ ಕಟ್ಟುಪಾಡು ಅವಕ್ಕಿಲ್ಲ ಎಂಬುದು ನಿಜ.

ಯುದ್ಧಭೂಮಿಗೆ ಹೊರಟವರ ಮಾತು ಬೇರೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2006ರ 1738ನೇ ಮತ್ತು 2015ರ 2222ನೇ ನಿರ್ಣಯಗಳಲ್ಲಿ ಪತ್ರಕರ್ತರ ಮೇಲಿನ ದಾಳಿಯನ್ನು ಖಂಡಿಸಿದೆ. ಹಾಗಿದ್ದೂ ಭಾರತದ ಛಾಯಾಚಿತ್ರ ಪತ್ರಕರ್ತ ದಾನಿಶ್ ಸಿದ್ದಿಕಿ 2021ರ ಜುಲೈನಲ್ಲಿ ಅಫ್ಘಾನಿಸ್ತಾನದಲ್ಲಿ ಹತರಾದರು. ಜಿಲ್ಲಾ ವರದಿಗಾರರು ತರಬೇತಿ ಮತ್ತು ವಿಮೆಯಿಲ್ಲದೆ ಅಂಥ ಕಡೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯದಾಗಿ, ದಿನಕ್ಕೊಮ್ಮೆ ಮನೆಗೆ ಕರೆ ಮಾಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ, ಎಷ್ಟು ಕರೆಗಳು ತಪ್ಪಿದರೆ ಮನೆಯವರು ಮದದ್‌ನಲ್ಲಿ ದೂರು ಬರೆಯಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ. ಸೌದಿ ಅರೇಬಿಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿರುತ್ತದೆ, ಅಲ್ಲಿನ ವಾರದ ರಜೆ ಶುಕ್ರವಾರ ಮತ್ತು ಶನಿವಾರ ಎಂಬುದನ್ನು ಆ ಕಡತದ ಮೇಲೆಯೇ ಬರೆದಿಡಿ.