ಮನೆಯ ಖಾತೆಯಲ್ಲಿ ಹಪ್ಪಳದ ಹಣ: ನನ್ನ ಅನುಭವ

ಶಿರಸಿ ಸೀಮೆಯಲ್ಲಿ ಹಲಸಿನಕಾಯಿ ಬಲಿಯುವ ಬೇಸಿಗೆಯೇ ಹಪ್ಪಳದ ಕಾಲ. ನಾನೂ ನನ್ನ ಅತ್ತಿಗೆಯೂ ಸೇರಿ ಮಾಡುವ ಹಪ್ಪಳಕ್ಕೆ ಮೊದಲು ನೆಂಟರಿಷ್ಟರು, ಆಮೇಲೆ ಅವರ ಪರಿಚಯದವರು ಗಿರಾಕಿಗಳಾದರು. ಎಲ್ಲರೂ ಹಣ ಹಾಕುತ್ತಿದ್ದುದು ನನ್ನ ಫೋನ್ ಪೇಗೆ, ಅಂದರೆ ಅದಕ್ಕೆ ಜೋಡಿಸಿದ ಉಳಿತಾಯ ಖಾತೆಗೆ. ಮಗ ಕಳಿಸುವ ಮನೆಖರ್ಚಿನ ಹಣ, ಸ್ವಸಹಾಯ ಸಂಘದ ಸಾಲ, ತಂಗಿ ಹಿಂದಿರುಗಿಸಿದ ಕೈಗಡ ಎಲ್ಲವೂ ಬಂದು ಬೀಳುತ್ತಿದ್ದುದು ಅಲ್ಲಿಗೇ. ಬ್ಯಾಂಕಿನ ಕಣ್ಣಿಗೆ ಇವೆಲ್ಲ ಒಂದೇ ಬಗೆಯ ಜಮೆ. ಇದು ವ್ಯಾಪಾರದ್ದು, ಇದು ಮನೆಯದು ಎಂದು ವಿಂಗಡಿಸಿ ತೋರಿಸುವ ಹೊಣೆ ಖಾತೆದಾರರದು.

ಆದ್ದರಿಂದ ಪ್ರತಿ ಆರ್ಡರಿಗೂ ಒಂದು ಸಂಖ್ಯೆ ಕೊಟ್ಟು, ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಹಪ್ಪಳ’ ಎಂದೂ ಆ ಸಂಖ್ಯೆಯನ್ನೂ ಬರೆಯುವಂತೆ ಗಿರಾಕಿಗಳನ್ನು ಕೇಳಿಕೊಂಡೆ. ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ನೂರರ ಕಟ್ಟು ಎಷ್ಟು, ಮೊತ್ತವೆಷ್ಟು ಎಂಬುದರ ಪಕ್ಕದಲ್ಲಿ ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನೂ ಬರೆದಿಡುತ್ತೇನೆ. ಆ ಸಂಖ್ಯೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲೂ ಇರುವುದರಿಂದ ಎರಡನ್ನೂ ಸಾಲುಸಾಲಾಗಿ ತಾಳೆ ನೋಡಬಹುದು. ವಾಟ್ಸಾಪಿಗೆ ಬರುವ ಸ್ಕ್ರೀನ್‌ಶಾಟನ್ನು ನಾನು ರಸೀದಿಯೆಂದು ಒಪ್ಪುವುದಿಲ್ಲ, ಏಕೆಂದರೆ ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಖಾತೆಯಲ್ಲಿ ಜಮೆ ಕಂಡ ಮೇಲೆಯೇ ಪಾರ್ಸೆಲ್ ಬಸ್ಸಿಗೆ ಏರುತ್ತದೆ. ಒಮ್ಮೆ ಹುಬ್ಬಳ್ಳಿಯ ಗಿರಾಕಿಯೊಬ್ಬರು, ‘ನನ್ನ ಖಾತೆಯಿಂದ ದುಡ್ಡು ಹೋಗಿದೆ ಅಕ್ಕಾ, ನಿಮಗೆ ಬಂದಿಲ್ಲವೇ?’ ಎಂದು ಗಾಬರಿಯಾಗಿ ಕೇಳಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಹೀಗೆ ನಡುವೆ ಸಿಲುಕಿದರೆ ಮರುದಿನದೊಳಗೆ ಕಳಿಸಿದವರ ಖಾತೆಗೆ ಮರಳಬೇಕೆಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅದನ್ನು ತಿಳಿಸಿ ಸಮಾಧಾನ ಹೇಳಿದೆ. ಹಣ ಮರಳಿತು, ಅವರು ಮತ್ತೆ ಕಳಿಸಿದರು. ಹಣ ಪಡೆಯುವುದಕ್ಕೆ ನಾವು ಪಿನ್ ಒತ್ತಬೇಕಾಗಿಯೇ ಇಲ್ಲ ಎಂಬುದನ್ನು ಅತ್ತಿಗೆಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂಬ ಚೀಟಿ ಅಂಟಿಸಿದರು. ನಾನು ಹಾಗೆ ಮಾಡಲಿಲ್ಲ. ನಗದಾಗಿ ಬಂದರೂ ಮಾರಾಟ ಮಾರಾಟವೇ, ವಹಿವಾಟಿನ ಮಿತಿಗೆ ಅದೂ ಸೇರುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ನಮ್ಮದು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಅಲ್ಲದೆ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಕಡ್ಡಾಯವೂ ಇಲ್ಲ. ಆದರೆ ಹಾಲು, ತರಕಾರಿ ಮಾರುವವರಿಗೂ ಆಗ ನೋಟಿಸ್ ಹೋಗಿತ್ತು. ಅಂಥ ಪ್ರಶ್ನೆ ಬಂದರೆ ಉತ್ತರವಾಗಿ ಮುಂದಿಡಲು ನನ್ನ ಬಳಿ ನೋಟ್‌ಬುಕ್ ಇದೆ ಎಂಬುದೇ ಧೈರ್ಯ.

ಆದಾಯ ತೆರಿಗೆಯ ಲೆಕ್ಕವೇ ಬೇರೆ. ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಪದ್ಧತಿಯಲ್ಲಿ ನಗದು ಮಾರಾಟದ ಶೇ. 8ನ್ನು ಲಾಭವೆಂದು ತೋರಿಸಬೇಕಾದರೆ, ಬ್ಯಾಂಕಿನ ಮೂಲಕ ಬಂದ ಮಾರಾಟಕ್ಕೆ ಶೇ. 6 ಸಾಕು. ಯುಪಿಐ ಜಮೆಗೆ ಹೆದರುವವರು ಈ ಅನುಕೂಲವನ್ನು ಗಮನಿಸಬೇಕೆಂದು ನನ್ನ ವಿನಂತಿ.

ಆದರೂ ಉಳಿತಾಯ ಖಾತೆ ಇರುವುದು ವ್ಯಾಪಾರಕ್ಕಲ್ಲ. ವಂಚನೆಯ ಹಣ ನಾಲ್ಕಾರು ಕೈ ದಾಟಿ ಗಿರಾಕಿಯೊಬ್ಬರ ಮೂಲಕ ನಮ್ಮಲ್ಲಿಗೆ ಬಂದು, ಸೈಬರ್ ದೂರಿನ ಮೇರೆಗೆ ಖಾತೆಗೆ ತಡೆ ಬಿದ್ದರೆ ಮನೆಖರ್ಚಿನ ಹಣವೂ ಅದರೊಳಗೆ ಸಿಲುಕುತ್ತದೆ. ನನ್ನ ಮನಸ್ಸಿಗೆ ಹೆಚ್ಚು ಹತ್ತಿದ್ದು ಈ ಭಯ. ಅದಕ್ಕಾಗಿ ಹಪ್ಪಳಕ್ಕೆಂದೇ ಚಾಲ್ತಿ ಖಾತೆ ತೆರೆದು, ವ್ಯಾಪಾರದ ಆ್ಯಪಿನ ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸಿದೆ. ಹಳೆಯ ಗಿರಾಕಿಗಳು ರೂಢಿಯಂತೆ ಇನ್ನೂ ನನ್ನ ನಂಬರಿಗೇ ಹಾಕುವುದುಂಟು. ಅದನ್ನು ಅಂದೇ ‘ಹಪ್ಪಳ’ ಎಂಬ ಟಿಪ್ಪಣಿಯೊಂದಿಗೆ ಆ ಖಾತೆಗೆ ದಾಟಿಸುತ್ತೇನೆ.

ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕಳಿಸಿ ಎಂದು ಪುಣೆಯವರು ಒತ್ತಾಯಿಸುತ್ತಿದ್ದಾರೆ. ಉಪ್ಪಿನಕಾಯಿಗೆ ತೆರಿಗೆಯಿದೆ, ತೆರಿಗೆಯಿರುವ ಇಂಥ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಅದು ಆಗುವವರೆಗೆ ಪುಣೆಗೆ ಹೋಗುವುದು ಹಪ್ಪಳ ಮಾತ್ರ.